ಹಿಂಬರಹದ ಮೇಲಿನ ತಕರಾರು

(ಹೊಳಲ್ಕೆರೆಯ ಒಂದು ಮನೆ. ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ತಮ್ಮನ ಮಗಳು ಮೆಲ್ಬರ್ನ್‌ನಲ್ಲಿ ವಲಸೆ ಕಾನೂನಿನ ವಕೀಲೆ, ರಜೆಗೆ ಊರಿಗೆ ಬಂದಿದ್ದಾಳೆ. ಹೊಸದುರ್ಗದ ಕಡೆಯ ಒಬ್ಬ ರೈತ ತನ್ನ ಮಗನ ಕಾಗದಪತ್ರ ತಂದುಕೊಟ್ಟು ಹೋಗಿದ್ದಾನೆ. ಆಸ್ಟ್ರೇಲಿಯಾದಲ್ಲಿ ಆ ಹುಡುಗ ಹಾಕಿದ ರಕ್ಷಣಾ ವೀಸಾ ಅರ್ಜಿ, ಅಂದರೆ ನಿರಾಶ್ರಿತ ಅಂತ ಆಶ್ರಯ ಕೇಳಿದ ಅರ್ಜಿ, ಟ್ರಿಬ್ಯೂನಲ್‌ನಲ್ಲೂ ವಜಾ ಆಗಿದೆ.)

ದೊಡ್ಡಪ್ಪ: ಟ್ರಿಬ್ಯೂನಲ್ ಆದೇಶ ಪೂರ್ತಿ ಓದಿದೆ ಕಣಮ್ಮ. ಇದನ್ನ ಬರೆದವರು ಕೆಲಸ ಬಲ್ಲವರು. ಪ್ಯಾರಾಗೆಲ್ಲ ನಂಬರ್ ಹಾಕಿದ್ದಾರೆ. ಹುಡುಗ ಏನಂದ, ಅದರಲ್ಲಿ ಯಾವುದನ್ನ ನಂಬಿದ್ವಿ, ಯಾವುದನ್ನ ಯಾಕೆ ನಂಬಲಿಲ್ಲ, ಎಲ್ಲ ಇದೆ. ನಾವು ಬಗರ್ ಹುಕುಂ ಅರ್ಜಿಗೆ, ಸರ್ಕಾರಿ ಜಮೀನು ಉಳ್ತಿದ್ದವರು ಸಕ್ರಮ ಕೇಳಿ ಹಾಕೋ ಅರ್ಜಿಗೆ, ಎರಡು ಸಾಲಿನ ಹಿಂಬರಹ ಕೊಟ್ಟು ಕೈತೊಳ್ಕೋತಿದ್ವಿ. 'ಪರಿಶೀಲಿಸಲಾಗಿ ತಿರಸ್ಕರಿಸಲಾಗಿದೆ.' ಮುಗೀತು.

ಮಗಳು: ಆ ಎರಡು ಸಾಲಿಗೇ ಅಲ್ವಾ ಬೆಂಗಳೂರಿನಲ್ಲಿ ನಿಮಗೆ ಏಟು ಬೀಳ್ತಿದ್ದದ್ದು?

ದೊಡ್ಡಪ್ಪ: ಬೀಳದೆ ಏನು. ಫಾರಂ 50, ಫಾರಂ 53, ಆಮೇಲೆ 57. ಯಾವುದೇ ಇರಲಿ, ರೈತ ರಿಟ್ ಹಾಕಿದ್ರೆ ಹೈಕೋರ್ಟ್ ಕೇಳೋದು ಒಂದೇ ಮಾತು: ಅರ್ಜಿದಾರನ ಅಹವಾಲು ಕೇಳಿದ್ರಾ, ಕಾರಣ ಬರೆದ್ರಾ? ಇಲ್ಲ ಅಂದ್ರೆ ಆದೇಶ ರದ್ದು, ಕಡತ ವಾಪಸ್ ನಮ್ಮ ಟೇಬಲ್‌ಗೆ. ಅಷ್ಟಕ್ಕೇ ಆ ರೈತ ಜಮೀನು ಸಿಕ್ಕೇಬಿಡ್ತು ಅಂತ ಊರಲ್ಲಿ ಸಿಹಿ ಹಂಚಿರೋನು. ನಾವು ನೋಟಿಸ್ ಕೊಟ್ಟು, ಎದುರಿಗೆ ಕೂರಿಸಿ ಕೇಳಿ, ಈ ಸಲ ನಾಲ್ಕು ಪುಟ ಬರೆದು ಮತ್ತೆ ವಜಾ ಮಾಡ್ತಿದ್ವಿ.

ಮಗಳು: ಅದೇ ದೊಡ್ಡಪ್ಪ. ನನ್ನ ಕಕ್ಷಿದಾರರಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗದ ವಿಷಯ ನಿಮಗೆ ಮೊದಲೇ ಗೊತ್ತಿದೆ. ಕೋರ್ಟಿಗೆ ಹೋದ್ರೆ ನ್ಯಾಯಾಧೀಶರು ತಮ್ಮ ಕಥೆ ಕೇಳ್ತಾರೆ, ಕಣ್ಣೀರು ನೋಡ್ತಾರೆ, ವೀಸಾ ಕೊಡ್ತಾರೆ ಅಂದ್ಕೊಂಡಿರ್ತಾರೆ. ಆ ಕೋರ್ಟಿಗೆ ವೀಸಾ ಕೊಡೋ ಅಧಿಕಾರವೇ ಇಲ್ಲ. ಊರಿಗೆ ವಾಪಸ್ ಹೋದ್ರೆ ಇವನ ಜೀವಕ್ಕೆ ಅಪಾಯ ಇದೆಯಾ ಅಂತಲೂ ಅದು ನೋಡೋದಿಲ್ಲ. ಇಲ್ಲ ಅಂತ ತೀರ್ಮಾನಿಸಿದವರು ಕಾನೂನು ಹೇಳಿದ ದಾರಿಯಲ್ಲೇ ಹೋಗಿ ತೀರ್ಮಾನಿಸಿದ್ರಾ, ಅಷ್ಟೇ ಅದರ ಕೆಲಸ.

ದೊಡ್ಡಪ್ಪ: ಹಾಗಾದ್ರೆ ಜೀವದ ಪ್ರಶ್ನೆ ನೋಡೋರು ಯಾರು?

ಮಗಳು: ಮೊದಲು ಗೃಹ ಇಲಾಖೆಯ ಅಧಿಕಾರಿ. ಆಮೇಲೆ ಟ್ರಿಬ್ಯೂನಲ್. 2024ರ ಅಕ್ಟೋಬರ್ 14ರಿಂದ ಅದರ ಹೆಸರು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್. ಅಲ್ಲಿ ಎಲ್ಲವನ್ನೂ ಹೊಸದಾಗಿ ನೋಡ್ತಾರೆ, ಹೊಸ ಸಾಕ್ಷಿ ಕೊಡಬಹುದು, ಎದುರು ಕೂತು ಮಾತಾಡಬಹುದು. ಅಲ್ಲೂ ಸೋತ್ರೆ ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟ್. ಟ್ರಿಬ್ಯೂನಲ್ ಆದೇಶದ ತಾರೀಖಿನಿಂದ 35 ದಿನದೊಳಗೆ ಅರ್ಜಿ ಹಾಕಬೇಕು. ಈ ಹುಡುಗನಿಗೆ ಇನ್ನೂ ಟೈಮಿದೆ, ತುಂಬಾ ಇಲ್ಲ.

ದೊಡ್ಡಪ್ಪ: ನಮ್ಮಲ್ಲಿ ಎಸಿ, ಡಿಸಿ ಮುಗಿಸಿ ರಿಟ್‌ಗೆ ಹೋದ ಹಾಗೆ. ಆದ್ರೆ ಒಂದು ಅನುಮಾನ. ಯಾವ ಸರ್ಕಾರಕ್ಕೆ ತಾನೆ ಕೋರ್ಟು ಮೂಗು ತೂರಿಸೋದು ಇಷ್ಟ? ಅದೂ ಹೊರದೇಶದವರ ವಿಷಯದಲ್ಲಿ?

ಮಗಳು: ಬಾಗಿಲು ಮುಚ್ಚೋಕೆ ನೋಡಿದ್ರು. 2001ರಲ್ಲಿ ವಲಸೆ ಕಾಯ್ದೆಯ 474ನೇ ಕಲಂ ಬದಲಾಯಿಸಿ, ಇಂಥ ತೀರ್ಮಾನಗಳನ್ನ ಯಾವ ಕೋರ್ಟಿನಲ್ಲೂ ಪ್ರಶ್ನಿಸೋ ಹಾಗಿಲ್ಲ ಅಂತ ಬರೆದ್ರು. 2003ರಲ್ಲಿ ಅವರ ಹೈಕೋರ್ಟ್, ಅಲ್ಲಿ ಹೈಕೋರ್ಟ್ ಅಂದ್ರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ, ಒಂದು ಮಾತು ಹೇಳ್ತು. ಅಧಿಕಾರವ್ಯಾಪ್ತಿ ಮೀರಿ ಮಾಡಿದ ಆದೇಶ ಕಾನೂನಿನ ಕಣ್ಣಲ್ಲಿ ಆದೇಶವೇ ಅಲ್ಲ, ಹಾಗಾಗಿ 474ರ ರಕ್ಷಣೆ ಅದಕ್ಕೆ ಸಿಗೋದಿಲ್ಲ ಅಂತ. ಪಾರ್ಲಿಮೆಂಟಿನ ಕಲಂ ಹಾಗೇ ಉಳೀತು, ಕೋರ್ಟಿನ ಬಾಗಿಲೂ ತೆರೆದೇ ಇತ್ತು.

ದೊಡ್ಡಪ್ಪ: ಗಟ್ಟಿಗರು. ಸರಿ, ವ್ಯಾಪ್ತಿ ಮೀರೋದು ಅಂದ್ರೆ ಏನು? ನಮ್ಮಲ್ಲಾದ್ರೆ ಹೊಸದುರ್ಗದ ತಹಶೀಲ್ದಾರ್ ಹಿರಿಯೂರಿನ ಜಮೀನಿಗೆ ಆದೇಶ ಮಾಡಿದ್ರೆ ಅಂತೀವಿ.

ಮಗಳು: ಅಷ್ಟು ಸ್ಥೂಲವಾಗಿ ಯಾರೂ ಸಿಕ್ಕಿಬೀಳಲ್ಲ. ಒಂದು ಪ್ರಕರಣ ಹೇಳ್ತೀನಿ. ಇರಾನಿನ ಒಬ್ಬ ಹಡಗಿನ ನೌಕರ. ಅವನ ಹೆಸರು ತೀರ್ಪಿನಲ್ಲಿ ಇಲ್ಲ. ಆಶ್ರಯ ಕೇಳಿದವರ ಹೆಸರು ಪ್ರಕಟಿಸೋ ಹಾಗಿಲ್ಲ ಅಲ್ಲಿ, ಇಂಗ್ಲಿಷ್ ಅಕ್ಷರಗಳ ಗುರುತು ಮಾತ್ರ: ಎಸ್‌ಝಡ್‌ಬಿಇಎಲ್. ಕ್ರೈಸ್ತ ಧರ್ಮದ ಕಡೆ ತನಗಿದ್ದ ಒಲವು ಹಡಗಿನ ಕ್ಯಾಪ್ಟನ್‌ಗೆ ಗೊತ್ತಾಗಿದೆ, ವಾಪಸ್ ಹೋದ್ರೆ ಉಳಿಗಾಲ ಇಲ್ಲ ಅಂದ. ಇಲಾಖೆ ನಂಬಲಿಲ್ಲ. ಟ್ರಿಬ್ಯೂನಲ್ ವಿಚಾರಣೆಯಲ್ಲಿ ಅವನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸ್ಕೊಂಡು, ಆದೇಶದಲ್ಲಿ ಮೂರು ಸಂಗತಿ ನಂಬೋ ಹಾಗಿಲ್ಲ ಅಂತ ಬರೆದ್ರು. ಅದರಲ್ಲಿ ಎರಡರ ಬಗ್ಗೆ ಇಲಾಖೆ ತಕರಾರೇ ಎತ್ತಿರಲಿಲ್ಲ. ವಿಚಾರಣೆಯಲ್ಲೂ, 'ಇದು ನಮಗೆ ಅನುಮಾನ, ಏನು ಹೇಳ್ತೀಯ' ಅಂತ ಯಾರೂ ಕೇಳಲಿಲ್ಲ. 2006ರಲ್ಲಿ ಹೈಕೋರ್ಟ್ ಆದೇಶ ರದ್ದು ಮಾಡ್ತು. ಅವನು ನಿಜ ಹೇಳಿದ್ದ ಅಂತಲ್ಲ. ಅವನ ತಲೆ ಮೇಲೆ ತೂಗ್ತಿದ್ದ ಪ್ರಶ್ನೆ ಯಾವುದು ಅಂತ ಅವನಿಗೇ ತಿಳಿಸಲಿಲ್ಲ ಅಂತ.

ದೊಡ್ಡಪ್ಪ: ಇದು ನನಗೆ ಚುಚ್ಚುತ್ತೆ ಕಣಮ್ಮ. ಅರ್ಜಿದಾರ ಹೇಳಿದ್ದಕ್ಕೆಲ್ಲ ತಲೆ ಆಡಿಸೋದು, ಅವನು ಹೋದ್ಮೇಲೆ ಟಿಪ್ಪಣಿಯಲ್ಲಿ 'ಇವರ ಹೇಳಿಕೆ ವಿಶ್ವಾಸಾರ್ಹವಾಗಿರುವುದಿಲ್ಲ' ಅಂತ ಬರೆಯೋದು ನಮ್ಮ ಕಚೇರಿಯ ಸಂಪ್ರದಾಯ. ಜಗಳ ಬೇಡ ಅಂತ ಹಾಗೆ ಮಾಡೋದು.

ಮಗಳು: ಇನ್ನೊಂದು 2003ರದ್ದು. ಬಾಂಗ್ಲಾದೇಶದ ಇಬ್ಬರು ಗಂಡಸರು, ಢಾಕಾದಲ್ಲಿ ಜೋಡಿಯಾಗಿ ಬದುಕಿದವರು. ಇಷ್ಟು ದಿನ ಯಾರಿಗೂ ಗೊತ್ತಾಗದ ಹಾಗೆ ಇದ್ರು, ಮುಂದೆಯೂ ಹಾಗೇ ಇರ್ತಾರೆ, ಆದ್ದರಿಂದ ಅಪಾಯ ಇಲ್ಲ ಅಂದಿತ್ತು ಟ್ರಿಬ್ಯೂನಲ್. ಹೈಕೋರ್ಟಿನ ಏಳು ಜನರಲ್ಲಿ ನಾಲ್ವರು ಒಪ್ಪಲಿಲ್ಲ. ಯಾಕೆ ಬಚ್ಚಿಟ್ಟುಕೊಂಡು ಬದುಕಿದ್ರು, ಹೆದರಿಕೆಯಿಂದಲೇ ತಾನೆ, ಅದನ್ನ ಕೇಳಿಕೊಳ್ಳದೆ ತೀರ್ಮಾನ ಮಾಡಿದ್ದು ತಪ್ಪು ಅಂದ್ರು. ಇಷ್ಟು ದೊಡ್ಡ ತೀರ್ಪು ಸಿಕ್ಕಿದ ಮೇಲೂ ಅವರು ಮತ್ತೆ ಟ್ರಿಬ್ಯೂನಲ್ ಮುಂದೆಯೇ ಹೋಗಿ ನಿಲ್ಲಬೇಕಾಯ್ತು.

ದೊಡ್ಡಪ್ಪ: ನಮ್ಮ ರೈತನ ಹಾಗೇ. ಈಗ ಈ ಹುಡುಗನ ವಿಷಯಕ್ಕೆ ಬಾ. ಈ ಹೇಳಿಕೆ ಓದಿ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರೀತು. 'ನಮ್ಮ ಹಳ್ಳಿಯ ಸರಪಂಚನ ಜನ ನನ್ನನ್ನ ಕೊಲ್ಲೋಕೆ ಬಂದ್ರು' ಅಂತೆ. ಚಿತ್ರದುರ್ಗ ಜಿಲ್ಲೆಯಲ್ಲಿ ಸರಪಂಚ ಎಲ್ಲಿಂದ ಬಂದ? ನಮ್ಮಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷ ಇರ್ತಾನೆ. ಹೊಸದುರ್ಗದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಹೊಳಲ್ಕೆರೆ ಸೇರಿದನಂತೆ! ಮೂವತ್ತು ಕಿಲೋಮೀಟರು. ಎತ್ತಿನ ಗಾಡಿಯವನೂ ನಗ್ತಾನೆ.

ಮಗಳು: ಅದು ಯಾರೋ ಉತ್ತರ ಭಾರತದವನಿಗೆ ಬರೆದ ಕಥೆ. ಊರ ಹೆಸರು ಬದಲಾಯಿಸಿ ಇವನಿಗೆ ಅಂಟಿಸಿದ್ದಾರೆ. ವಿದ್ಯಾರ್ಥಿ ವೀಸಾ ಮುಗೀತಾ ಬಂದಿತ್ತು. ಹೊಸದಾಗಿ ಹಾಕೋಕೆ ಶುಲ್ಕವೇ 2024ರ ಜುಲೈಗೆ 710 ಡಾಲರಿಂದ 1,600 ಆಯ್ತು, ಮುಂದಿನ ಜುಲೈಗೆ 2,000. ರಕ್ಷಣಾ ವೀಸಾ ಅರ್ಜಿಯ ಶುಲ್ಕ ಅದರ ಮುಂದೆ ಏನೇನೂ ಅಲ್ಲ. ಅರ್ಜಿ ಇತ್ಯರ್ಥ ಆಗೋ ತನಕ ಬ್ರಿಡ್ಜಿಂಗ್ ವೀಸಾ ಅಂತ ಸಿಗುತ್ತೆ, ಸಾಮಾನ್ಯವಾಗಿ ಕೆಲಸವನ್ನೂ ಮಾಡಬಹುದು. ಏಜೆಂಟ್ ಹೇಳಿರ್ತಾನೆ: ಒಂದು ಸಹಿ ಹಾಕು, ವರ್ಷಗಟ್ಟಲೆ ಇರಬಹುದು. ಏನು ಬರೆದಿದ್ದಾನೆ ಅಂತ ಹುಡುಗ ಓದಿರೋದೂ ಇಲ್ಲ.

ದೊಡ್ಡಪ್ಪ: ಅಲ್ಲಿ ಏಜೆಂಟರಿಗೆ ಲೈಸೆನ್ಸ್ ಇರುತ್ತಂತಲ್ಲ?

ಮಗಳು: ನೋಂದಾಯಿತ ಏಜೆಂಟ್ ಅಥವಾ ವಕೀಲ ಬಿಟ್ಟು ಬೇರೆಯವರು ದುಡ್ಡು ತಗೊಂಡು ವೀಸಾ ಸಲಹೆ ಕೊಟ್ರೆ ಅಪರಾಧ. ಇವನದ್ದರಲ್ಲಿ ಏಜೆಂಟನ ಹೆಸರೇ ಇಲ್ಲ ನೋಡಿ. 'ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರೇ' ಅನ್ನೋ ಕಡೆ 'ಇಲ್ಲ'. ಕೋರ್ಟಿಗೂ ಇದೇ ಉಪಾಯ. ಗೆಲ್ಲೋ ಸಾಧ್ಯತೆ ಒಂದಿಷ್ಟಾದ್ರೂ ಇದೆ ಅಂತ ವಕೀಲರು ಲಿಖಿತವಾಗಿ ದೃಢೀಕರಿಸಬೇಕು, ಸುಮ್ಮನೆ ಕಾಲ ತಳ್ಳೋ ದಾವೆ ಹಾಕಿಸಿದ್ರೆ ಖರ್ಚು ಅವರ ಮೈಮೇಲೇ ಬರಬಹುದು. ಹಾಗಾಗಿ ಈ ಏಜೆಂಟರು ಹುಡುಗರ ಕೈಯಲ್ಲೇ ಅರ್ಜಿ ಹಾಕಿಸ್ತಾರೆ. ಆ ಹುಡುಗರು ಒಬ್ಬರೇ ನ್ಯಾಯಾಧೀಶರ ಮುಂದೆ ನಿಂತು ಮೊದಲಿನ ಕಥೆಯನ್ನೇ ಮತ್ತೆ ಹೇಳ್ತಾರೆ. ಕಾನೂನಿನ ತಪ್ಪು ಯಾವುದು ತೋರಿಸಪ್ಪ ಅಂದ್ರೆ ಬಾಯಿ ಬರೋದಿಲ್ಲ. ಸೋತ್ರೆ ಸರ್ಕಾರದ ವಕೀಲರ ಖರ್ಚು ಕೊಡಬೇಕು. ಅಂತಿಮ ವಿಚಾರಣೆ ತನಕ ಹೋದ್ರೆ ಎಂಟು ಸಾವಿರ ಡಾಲರಿನ ಆಸುಪಾಸು. ಅದು ಬಾಕಿ ಇದ್ರೆ ಮುಂದೆ ಬೇರೆ ವೀಸಾಕ್ಕೂ ತೊಡಕು.

ದೊಡ್ಡಪ್ಪ: ಅವನಪ್ಪ ಅಡಿಕೆ ತೋಟದಲ್ಲಿ ಒಂದು ಎಕರೆ ಮಾರೋಕೆ ಮಾತಾಡ್ಕೊಂಡು ಬಂದಿದ್ದಾನೆ. ನಿನಗೆ ಹೇಳಲಿಲ್ಲ, ಸಂಕೋಚ.

ಮಗಳು: ಅಯ್ಯೋ.

ದೊಡ್ಡಪ್ಪ: ಸಿಟ್ಟು ಮಾಡ್ಕೋಬೇಡ, ಒಂದು ಕೇಳ್ತೀನಿ. ಸುಳ್ಳೋ ನಿಜವೋ, ನಾಲ್ಕು ವರ್ಷ ದುಡಿದ್ರೆ ಆ ಎಕರೆ ವಾಪಸ್ ಬರುತ್ತಲ್ಲ? ಸಾಲದಲ್ಲಿರೋರು ಲೆಕ್ಕ ಹಾಕೋದು ಹೀಗೆ.

ಮಗಳು: ಆ ಲೆಕ್ಕ ಎಲ್ಲರೂ ಹಾಕಿದ್ದಕ್ಕೇ ಕ್ಯೂ ಅಷ್ಟು ಉದ್ದ ಆಗಿರೋದು. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಈ ವ್ಯವಸ್ಥೆ ಸರಿಮಾಡೋಕೆ ಅಂತಲೇ 160 ಮಿಲಿಯನ್ ಡಾಲರ್ ತೆಗೆದಿಟ್ಟಿತು. ಅದೇ ಕ್ಯೂನಲ್ಲಿ ಅಫ್ಘಾನಿಸ್ತಾನದ ಹೆಂಗಸು, ಹೆಂಡತಿ ಮಕ್ಕಳನ್ನ ಬಿಟ್ಟುಬಂದ ಇರಾನಿನವನು, ಎಲ್ಲರೂ ಇಂಥ ಅರ್ಜಿಗಳ ಹಿಂದೆ ನಿಂತು ಕಾಯ್ತಿರ್ತಾರೆ. ನನ್ನ ಸಿಟ್ಟು ಈ ಹುಡುಗನ ಮೇಲಲ್ಲ. ಇವನಿಗೂ ಆ ಅರ್ಜಿಯಿಂದ ಆದ ನಷ್ಟ ಸಣ್ಣದಲ್ಲ. ಒಂದು ಸಲ ರಕ್ಷಣಾ ವೀಸಾ ನಿರಾಕರಿಸಿದ್ರೆ, ಆ ದೇಶದಲ್ಲಿ ಇರೋವರೆಗೆ ಇನ್ನೊಂದು ಸಲ ಹಾಕೋ ಹಾಗಿಲ್ಲ. ಮಂತ್ರಿ ತಾವೇ ಮನಸ್ಸು ಮಾಡಿ ಅವಕಾಶ ಕೊಟ್ರೆ ಮಾತ್ರ, ಅದು ಅವರ ಮರ್ಜಿ. ಬಾಣ ಒಂದೇ ಇತ್ತು, ಅದನ್ನ ಸರಪಂಚನ ಮೇಲೆ ಬಿಟ್ಟಾಯ್ತು.

ದೊಡ್ಡಪ್ಪ: ಅಲ್ಲಿಗೆ ಓಡಿಬಂದವರ ಕಷ್ಟ ಹೇಳ್ತೀಯಲ್ಲ, ನಮ್ಮಲ್ಲಿಗೂ ಜನ ಬಂದಿದ್ದಾರೆ. ನಾವೇನು ಮಾಡಿದ್ವಿ? ಚಿತ್ರದುರ್ಗದವರಿಗೆ ಒಂದು ಹೆಮ್ಮೆ ಇದೆ. ಮುಂಡಗೋಡದಲ್ಲಿ ಟಿಬೆಟಿನವರ ವಸಾಹತು ಶುರುವಾದದ್ದು 1966ರಲ್ಲಿ. ಆಗ ಮುಖ್ಯಮಂತ್ರಿ ನಮ್ಮ ನಿಜಲಿಂಗಪ್ಪನವರು, ಇಲ್ಲೇ ದುರ್ಗದಲ್ಲಿ ವಕೀಲಿ ಮಾಡಿದವರು. ಬೈಲುಕುಪ್ಪೆಯದ್ದು ಅದಕ್ಕೂ ಮೊದಲಿನದ್ದು. ಯಾವ ಟ್ರಿಬ್ಯೂನಲ್ಲೂ ಕೂರಲಿಲ್ಲ, ಯಾರಿಗೂ ಪ್ರಶ್ನೆ ಹಾಕಲಿಲ್ಲ. ಜಮೀನು ಕೊಟ್ಟರು, ಜೋಳ ಬೆಳೆದುಕೊಳ್ಳಿ ಅಂದರು. ದಲೈ ಲಾಮಾ ಇವತ್ತಿಗೂ ನಿಜಲಿಂಗಪ್ಪನವರನ್ನ ನೆನೀತಾರೆ.

ಮಗಳು: ನೆನೆಯಬೇಕಾದ್ದೇ. ಆದ್ರೆ ಅದು ಹಕ್ಕಾಗಿ ಸಿಕ್ಕಿದ್ದಲ್ಲ, ದೊಡ್ಡ ಮನಸ್ಸಿನಿಂದ ಸಿಕ್ಕಿದ್ದು. ಕೊಡದಿದ್ರೆ ಯಾವ ಕೋರ್ಟಿಗೂ ಹೋಗೋ ಹಾಗಿರಲಿಲ್ಲ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಕಾನೂನೂ ಇಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ಅದರಲ್ಲೂ ಆಶ್ರಯ ಕೇಳೋಕೆ ಒಂದು ಫಾರಂ ಇಲ್ಲ.

ದೊಡ್ಡಪ್ಪ: ಫಾರಂ ಇಲ್ಲದಿದ್ರೆ ಹಿಂಬರಹವೂ ಇಲ್ಲ.

ಮಗಳು: ಹಿಂಬರಹ ಇಲ್ಲದಿದ್ರೆ ಕೋರ್ಟು ಹಿಡಿದು ನೋಡೋದು ಏನನ್ನ? ಹಾಗಂತ ಕೋರ್ಟು ಸುಮ್ಮನೆ ಕೂತಿಲ್ಲ. ಜೀವಿಸುವ ಹಕ್ಕು ಕೊಡೋ ಸಂವಿಧಾನದ 21ನೇ ವಿಧಿ ವಿದೇಶಿಯರಿಗೂ ಇದೆ. ಅರುಣಾಚಲದ ಚಕ್ಮಾ ಜನರನ್ನ ಅಲ್ಲಿಂದ ಓಡಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಅದರ ಮೇಲೇ. ಆದ್ರೆ 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯ ಬಂದಾಗ, ಕ್ರಮ ಪ್ರಕಾರ ಗಡೀಪಾರು ಮಾಡೋದಾದ್ರೆ ಮಾಡಿ ಅಂತು. 2025ರ ಮೇ ತಿಂಗಳಲ್ಲಿ ಶ್ರೀಲಂಕಾದ ಒಬ್ಬ ತಮಿಳನ ಅರ್ಜಿ ಬಂದಾಗ, ಭಾರತ ಎಲ್ಲರನ್ನೂ ಇಟ್ಟುಕೊಳ್ಳೋಕೆ ಧರ್ಮಶಾಲೆ ಅಲ್ಲ ಅನ್ನೋ ಮಾತು ಪೀಠದಿಂದಲೇ ಬಂತು.

ದೊಡ್ಡಪ್ಪ: ನಮ್ಮ ಹೈಕೋರ್ಟಿನಲ್ಲಿ ಟಿಬೆಟಿನವರೊಬ್ಬರು ಗೆದ್ದಿದ್ರಲ್ಲ? ಗುರುಗಳು ಯಾರೋ.

ಮಗಳು: ಲಿಂಗ್ ರಿಂಪೋಚೆ, 2013ರಲ್ಲಿ. ಪಾಸ್‌ಪೋರ್ಟ್ ವಿಷಯ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆ ಪ್ರಕಾರ ಭಾರತೀಯರೇ ಅಂತ ಕರ್ನಾಟಕ ಹೈಕೋರ್ಟ್ ಹೇಳ್ತು. ಅವರು ಗೆದ್ದದ್ದು ಇಲ್ಲೇ ಹುಟ್ಟಿದವರು ಅಂತ. ಅಪ್ಪ ಅಮ್ಮ ಯಾಕೆ ಓಡಿಬಂದ್ರು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ದೊಡ್ಡಪ್ಪ: 2025ರ ಜನವರಿಯಲ್ಲಿ ದುರ್ಗದಲ್ಲೇ ಆರು ಜನ ಬಾಂಗ್ಲಾದೇಶದವರನ್ನ ಪೊಲೀಸರು ಹಿಡಿದ್ರು. ಕೂಲಿಗೆ ಬಂದವರೇ ಇರಬೇಕು. ಪೇಪರ್ ಓದ್ತಾ ನನಗೆ ಆಗ ಹೊಳೀಲಿಲ್ಲ, ಈಗ ಹೊಳೀತಿದೆ. ಅವರಲ್ಲಿ ಒಬ್ಬನಿಗೆ ನಿಜವಾಗಿ ಜೀವಭಯ ಇದ್ದಿದ್ರೂ ಅದನ್ನ ಯಾರ ಹತ್ರ ಹೇಳಬೇಕಿತ್ತು? ಸಬ್ ಇನ್‌ಸ್ಪೆಕ್ಟರ್ ಹತ್ರವಾ?

ಮಗಳು: ಆ ಪ್ರಶ್ನೆ ಕೇಳೋದು ಯಾರ ಕೆಲಸವೂ ಅಲ್ಲ ಇಲ್ಲಿ. ಅದಕ್ಕೇ ಅಲ್ಲಿನ ವ್ಯವಸ್ಥೆಯನ್ನ ನಾನು ಬೈದ್ರೂ ಬಿಟ್ಟುಕೊಡಲ್ಲ. ಕಾರಣ ಬರೆದುಕೊಡು ಅಂತ ಸರ್ಕಾರವನ್ನ ಕಟ್ಟಿಹಾಕಿದ್ದಾರಲ್ಲ, ಅದು ಸುಲಭಕ್ಕೆ ಬಂದದ್ದಲ್ಲ.

ದೊಡ್ಡಪ್ಪ: ಈಗ ನಾನು ಒಂದು ಹೇಳ್ತೀನಿ, ಅವನಪ್ಪ ನಿನ್ನ ಮುಂದೆ ಹೇಳದೆ ಬಿಟ್ಟಿದ್ದು. ಸರಪಂಚ ಸುಳ್ಳು. ಆದ್ರೆ ಹುಡುಗ ಊರು ಬಿಟ್ಟಿದ್ದು ಓದೋಕಲ್ಲ. ಇವರು ಕಾಲೋನಿಯವರು. ಊರ ದೊಡ್ಡ ಮನೆಯ ಹುಡುಗಿ ಜೊತೆ ಓಡಾಟ ಇತ್ತು. ಹುಡುಗಿಯ ಅಣ್ಣಂದಿರು ಇವನನ್ನ ಹಿರಿಯೂರಿನ ಹತ್ರ ಬೈಕಿಂದ ಕೆಡವಿ ಹೊಡೆದ್ರು. ಅಪ್ಪ ಸಾಲ ಮಾಡಿ ತಿಂಗಳೊಪ್ಪತ್ತಿನಲ್ಲಿ ವೀಸಾ ಮಾಡಿಸಿದ.

ಮಗಳು: ಕಂಪ್ಲೇಂಟ್ ಕೊಟ್ಟಿದ್ರಾ?

ದೊಡ್ಡಪ್ಪ: ಠಾಣೆಗೆ ಹೋಗಿ ವಾಪಸ್ ಬಂದ್ರು. ರಾಜಿ ಆಯ್ತು ಅಂತಾರೆ. ಆಸ್ಪತ್ರೆ ಚೀಟಿ ಇದೆ.

ಮಗಳು: ಏಜೆಂಟ್‌ಗೆ ಇದನ್ನ ಹೇಳಲಿಲ್ವಾ ಇವನು?

ದೊಡ್ಡಪ್ಪ: ಹೇಳಿದ್ನಂತೆ. ಪ್ರೀತಿ ಗೀತಿ ನಡೆಯಲ್ಲ, ರಾಜಕೀಯ ಬರೆದ್ರೆ ಗಟ್ಟಿ ಅಂದ್ನಂತೆ. ಇದು ನಡೀತಿತ್ತಾ?

ಮಗಳು: ನಡೀತಿತ್ತು ಅಂತ ಹೇಳಲಾರೆ. ಆದ್ರೆ ಕೇಳೋಕೆ ಅರ್ಹವಾದ ವಿಷಯ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪು, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳ ಇರಬೇಕು. ಜಾತಿ ಮೀರಿ ಪ್ರೀತಿಸಿದವನನ್ನ ಅದರೊಳಗೆ ತರಬಹುದು. ಅಪಾಯ ನೂರಕ್ಕೆ ಐವತ್ತು ಇರಲೇಬೇಕು ಅಂತಿಲ್ಲ, ಹತ್ತರಷ್ಟು ಸಾಧ್ಯತೆಯೂ ಸಾಕಾಗಬಹುದು ಅನ್ನೋ ಮಾತು 1989ರಿಂದಲೇ ಇದೆ. ಕಷ್ಟ ಇರೋದು ಬೇರೆ ಕಡೆ. ಆ ಅಪಾಯ ಇಡೀ ದೇಶದಲ್ಲಿ ಇರಬೇಕು. ಹೊಸದುರ್ಗದಲ್ಲಿ ಹೊಡೀತಾರೆ ಸರಿ, ಪುಣೆಯಲ್ಲೋ ದಿಲ್ಲಿಯಲ್ಲೋ ಯಾಕೆ ಇರಬಾರದು ಅಂತ ಕೇಳ್ತಾರೆ. ನಮ್ಮ ದೇಶದವರ ಅರ್ಜಿ ಬಹಳಷ್ಟು ಬಿದ್ದುಹೋಗೋದು ಇಲ್ಲೇ.

ದೊಡ್ಡಪ್ಪ: ಇದನ್ನ ಈಗ ಕೋರ್ಟಿಗೆ ಹೇಳೋಕಾಗಲ್ಲ.

ಮಗಳು: ಆಗಲ್ಲ. ಟ್ರಿಬ್ಯೂನಲ್ ಮುಂದೆ ಇಲ್ಲದಿದ್ದ ವಿಷಯವನ್ನ ಟ್ರಿಬ್ಯೂನಲ್ ಬಿಟ್ಟುಬಿಡ್ತು ಅಂತ ದೂರೋದು ಹೇಗೆ?

ದೊಡ್ಡಪ್ಪ: ಇಲ್ಲದಿದ್ದ ವಿಷಯ ಅಂತ ಯಾಕಂತೀಯ? ನಲವತ್ತೊಂದನೇ ಪ್ಯಾರಾ ನೋಡು. ಕೊನೇ ಸಾಲು.

ಮಗಳು: ...'ಒಬ್ಬ ಯುವತಿಯ ಕುಟುಂಬದೊಂದಿಗಿನ ಮನಸ್ತಾಪವನ್ನೂ ಅರ್ಜಿದಾರರು ಪ್ರಸ್ತಾಪಿಸಿದರು.' ಆಮೇಲೆ?

ದೊಡ್ಡಪ್ಪ: ಆಮೇಲೆ ಏನಿಲ್ಲ. ನಲವತ್ತೆರಡನೇ ಪ್ಯಾರಾ ಮತ್ತೆ ಸರಪಂಚ. ಕಡತ ಓದಿ ಓದಿ ನನಗೊಂದು ಚಟ. ಒಂದು ವಿಷಯ ಎತ್ತಿ, ಅದಕ್ಕೆ ತೀರ್ಮಾನ ಬರೆಯದೆ ಮುಂದಕ್ಕೆ ಹೋದ್ರೆ ಅಲ್ಲಿ ಪೆನ್ಸಿಲ್ ಗೀಟು ಹಾಕ್ತಿದ್ದೆ.

ಮಗಳು: ನಾನು ಇದನ್ನ ಹಾರಿಸಿ ಓದಿದ್ದೆ. ದೊಡ್ಡಪ್ಪ, ಅವನು ಸ್ಪಷ್ಟವಾಗಿ ಇದನ್ನ ಒಂದು ಭಯವಾಗಿ ಹೇಳಿದ್ದು ಹೌದಾದ್ರೆ, ಟ್ರಿಬ್ಯೂನಲ್ ಸದಸ್ಯರು ಅದಕ್ಕೆ ಉತ್ತರ ಕೊಡದೇ ಹೋಗಿದ್ರೆ, ಅದು ವ್ಯಾಪ್ತಿಯ ತಪ್ಪೇ. 2003ರಲ್ಲೇ ರಷ್ಯಾದವನೊಬ್ಬನ ಪ್ರಕರಣದಲ್ಲಿ ಹೈಕೋರ್ಟ್ ಹಾಗೆ ಹೇಳಿದೆ. ಆ ತಪ್ಪು ಆಗದಿದ್ರೆ ಫಲಿತಾಂಶ ಬೇರೆ ಆಗಬಹುದಿತ್ತು ಅಂತಲೂ ತೋರಿಸಬೇಕು. ಆದ್ರೆ 'ಮನಸ್ತಾಪ' ಅಂದ್ರೆ ಸಾಲದು. ಅವನು ಆಡಿದ್ದು ನಿಜವಾಗಿ ಎಂಥ ಮಾತು ಅಂತ ನೋಡಬೇಕು. ವಿಚಾರಣೆ ರೆಕಾರ್ಡ್ ಆಗಿರುತ್ತೆ, ಕೇಳಿದ್ರೆ ಕೊಡ್ತಾರೆ. ದುಭಾಷಿ ಇದ್ದ ಅಂತ ಮೊದಲ ಪುಟದಲ್ಲೇ ಇದೆ.

ದೊಡ್ಡಪ್ಪ: 'ಸಾರ್, ಅವರು ಕಡಿದು ಹಾಕ್ತಾರೆ' ಅಂತ ಇವನು ಅಂದಿದ್ದು, ದುಭಾಷಿ ಬಾಯಲ್ಲಿ ಮನಸ್ತಾಪ ಆಗಿರಬಹುದು.

ಮಗಳು: ಇರಬಹುದು. ಅಥವಾ ಇವನೇ ನಾಚಿಕೊಂಡು ಮನಸ್ತಾಪ ಅಂತಲೇ ಅಂದಿರಬಹುದು. 'ಅದರ ಬಗ್ಗೆ ಹೇಳೋದಿದೆಯಾ' ಅಂತ ಸದಸ್ಯರು ಕೇಳಿದ್ದಕ್ಕೆ ಇಲ್ಲ ಅಂದಿದ್ರೆ ಅಲ್ಲಿಗೆ ಮುಗೀತು. ಇವತ್ತೇ ರೆಕಾರ್ಡಿಂಗ್‌ಗೆ ಬರೆಯೋಕೆ ಹೇಳ್ತೀನಿ. 35 ದಿನದ ಗಡುವು ಅದಕ್ಕೆ ಕಾಯಲ್ಲ, ಅರ್ಜಿಯನ್ನ ಒಳಗೆ ಹಾಕಿ ಆಮೇಲೆ ಕಾರಣ ತಿದ್ದಬಹುದು. ಏನೂ ಸಿಗದಿದ್ರೆ ಬೇಗ ವಾಪಸ್ ತಗೊಂಡ್ರೆ ಖರ್ಚು ಕಡಿಮೆ ಬೀಳುತ್ತೆ.

ದೊಡ್ಡಪ್ಪ: ರೆಕಾರ್ಡಿಂಗ್ ಬಂದ್ರೆ ನಾನೂ ಕೂತು ಕೇಳ್ತೀನಿ. ಹೊಸದುರ್ಗದ ಕಡೆಯ ಮಾತು ನಿನಗಿಂತ ನನಗೆ ಚೆನ್ನಾಗಿ ತಿಳಿಯುತ್ತೆ.

ಮಗಳು: ಕೇಳಿ. ಅದಕ್ಕೂ ಮೊದಲು ಆ ತೋಟ ಮಾರೋದು ನಿಲ್ಲಿಸಿ.

ದೊಡ್ಡಪ್ಪ: ಅದನ್ನ ಅವನಪ್ಪಂಗೆ ನೀನೇ ಹೇಳು. ನಾನು ಹೇಳಿದ್ರೆ, ತಾಲ್ಲೂಕು ಆಫೀಸಿನವರು ಅಡ್ಡಗಾಲು ಹಾಕ್ತಾರೆ ಅಂತಾನೆ.